ಬಿದ್ದದ್ದು ಒಂದು ಕಡೆ, ತಪ್ಪಿದ್ದು ಇನ್ನೊಂದು ಕಡೆ

ಇಂಜಿನಿಯರಿಂಗ್ ಕಾಲೇಜುಗಳ ಸಿ ಲ್ಯಾಬ್‌ನಲ್ಲಿ ಆಗಾಗ ಕೇಳಿಬರುವ ದೂರು: "ಸಾರ್, ಇಲ್ಲಿ ಓಡುತ್ತೆ, ಮನೇಲಿ ಓಡಲ್ಲ." ಪ್ರೋಗ್ರಾಂ ತೆರೆದು ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ. ಮೇನ್ ಫಂಕ್ಷನ್ನಿನೊಳಗೆ ಸಾವಿರ ಸಾಲು, ಸಾವಿರ ಕಾಲಂಗಳ ಒಂದು ಅರೇ, ಅಷ್ಟೆ. ಒಂದು ಪೂರ್ಣಾಂಕಕ್ಕೆ 4 ಬೈಟ್‌ನಂತೆ ಒಟ್ಟು 40 ಲಕ್ಷ ಬೈಟ್, ಹೆಚ್ಚುಕಡಿಮೆ 4 ಎಂಬಿ. ಲ್ಯಾಬಿನ ಲಿನಕ್ಸ್ ಯಂತ್ರ ಅದನ್ನು ಸಲೀಸಾಗಿ ಓಡಿಸುತ್ತದೆ. ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಪರದೆಯ ಮೇಲೆ ಒಂದಕ್ಷರ ಮೂಡುವ ಮೊದಲೇ ಪ್ರೋಗ್ರಾಂ ಸತ್ತಿರುತ್ತದೆ. 8 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ 4 ಎಂಬಿ ಯಾವ ಲೆಕ್ಕ ಎಂದು ಹುಡುಗ ಕೇಳುತ್ತಾನೆ. ಕೇಳಬೇಕಾದ್ದೇ.

ಫಂಕ್ಷನ್ನಿನೊಳಗೆ ಘೋಷಿಸಿದ ಅರೇಗೆ ಇಡೀ ರ‍್ಯಾಮ್ ಸಿಗುವುದಿಲ್ಲ. ಸಿಗುವುದು ಸ್ಟ್ಯಾಕ್ ಎಂಬ ಸಣ್ಣ ಭಾಗ. ಲಿನಕ್ಸ್‌ನಲ್ಲಿ ಅದರ ಗಾತ್ರ ಸಾಮಾನ್ಯವಾಗಿ 8 ಎಂಬಿ, ವಿಷುಯಲ್ ಸ್ಟುಡಿಯೋದಲ್ಲಿ ಕಟ್ಟಿದ ವಿಂಡೋಸ್ ಪ್ರೋಗ್ರಾಂಗೆ 1 ಎಂಬಿ. ಇನ್ನೆರಡು ಅಂಥ ಅರೇಗಳನ್ನು ಸೇರಿಸಿ ಮ್ಯಾಟ್ರಿಕ್ಸ್ ಗುಣಾಕಾರ ಬರೆದರೆ ಲ್ಯಾಬಿನ ಯಂತ್ರವೂ 'ಸೆಗ್ಮೆಂಟೇಶನ್ ಫಾಲ್ಟ್' ಎಂದು ಕೈಚೆಲ್ಲುತ್ತದೆ. ಪರಿಹಾರ ಸುಲಭ. ಅರೇಯನ್ನು ಮ್ಯಾಲಾಕ್ ಮೂಲಕ ಹೀಪ್ ಎಂಬ ದೊಡ್ಡ ಭಾಗದಲ್ಲಿ ಪಡೆಯಬೇಕು, ಇಲ್ಲವೇ ಸ್ಟ್ಯಾಟಿಕ್ ಎಂದು ಘೋಷಿಸಬೇಕು.

ಈ ಸ್ಟ್ಯಾಕ್ ಬೇಕಾದದ್ದಾದರೂ ಏಕೆ? ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಕೆಲಸ ಮುಗಿಸಿ ಎಲ್ಲಿಗೆ ಮರಳಬೇಕೆಂಬ ವಿಳಾಸವನ್ನು ಎಲ್ಲೋ ಬರೆದಿಡಲೇಬೇಕು. ಆರಂಭದ ಫೋರ್ಟ್ರಾನ್ ಕಾಲದಲ್ಲಿ ಒಂದೊಂದು ಸಬ್‌ರೂಟೀನ್‌ಗೆ ಒಂದೊಂದೇ ನಿಗದಿತ ಜಾಗ ಸಾಕಿತ್ತು. ಆದರೆ ಸಬ್‌ರೂಟೀನ್ ತನ್ನನ್ನೇ ಕರೆದುಕೊಂಡರೆ ಹೊಸ ವಿಳಾಸ ಹಳೆಯದನ್ನು ಅಳಿಸಿಬಿಡುತ್ತದೆ, ಮರಳುವ ದಾರಿ ತಪ್ಪುತ್ತದೆ. ವಿಳಾಸಗಳನ್ನು ಒಂದರ ಮೇಲೊಂದು ಪೇರಿಸಿ, ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಉಪಾಯ ಅಲನ್ ಟ್ಯೂರಿಂಗ್ 1945ರ ಸುಮಾರಿಗೆ ಬರೆದ ಯಂತ್ರವಿನ್ಯಾಸದಲ್ಲೇ ಇತ್ತು. ಜರ್ಮನಿಯ ಫ್ರೀಡ್ರಿಶ್ ಬೌವರ್ ಮತ್ತು ಕ್ಲೌಸ್ ಸಾಮೆಲ್ಸನ್ 1957ರಲ್ಲಿ ಸ್ಟ್ಯಾಕ್‌ಗೆ ಪೇಟೆಂಟ್ ಅರ್ಜಿ ಹಾಕಿದರು. 1960ರಲ್ಲಿ ಡೈಕ್‌ಸ್ಟ್ರಾ ಮತ್ತು ಝೊನೆವೆಲ್ಡ್ ಬರೆದ ಆಲ್ಗಾಲ್ 60 ಕಂಪೈಲರ್ ಇದರ ಬಲದಿಂದಲೇ ರಿಕರ್ಷನ್ನನ್ನು, ಅಂದರೆ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದನ್ನು, ಮಾಮೂಲಿ ಸಂಗತಿ ಮಾಡಿತು. ಪ್ರತಿ ಕರೆಗೂ ಸ್ಟ್ಯಾಕಿನಲ್ಲಿ ಒಂದು ಫ್ರೇಮ್: ಮರಳುವ ವಿಳಾಸ, ಆ ಕರೆಯ ವೇರಿಯಬಲ್‌ಗಳು, ಉಳಿಸಿಟ್ಟ ರಿಜಿಸ್ಟರ್‌ಗಳು. ಫಂಕ್ಷನ್ ಮುಗಿದರೆ ಫ್ರೇಮ್ ಹೋಯಿತು. ಮುಗಿಯದಿದ್ದರೆ?

ಒಂದು ಕಚೇರಿಯ ನೌಕರರ ಪಟ್ಟಿ ಇದೆ ಎನ್ನಿ. ಪ್ರತಿ ಸಾಲಿನಲ್ಲೂ ನೌಕರರ ಸಂಖ್ಯೆ, ಹೆಸರು, ಮೇಲಧಿಕಾರಿಯ ಸಂಖ್ಯೆ. ಒಬ್ಬ ನೌಕರನಿಂದ ಹೊರಟು, ಅವನ ಮೇಲಿನವರು, ಅವರ ಮೇಲಿನವರು ಎಂದು ತನ್ನನ್ನೇ ಕರೆದುಕೊಂಡು ಹತ್ತುತ್ತ, ಮೇಲಧಿಕಾರಿಯ ಕಾಲಂ ಖಾಲಿ ಇದ್ದಲ್ಲಿ ನಿಲ್ಲುವ ಫಂಕ್ಷನ್ ಬರೆದದ್ದಾಯಿತು. ವರ್ಷಗಟ್ಟಲೆ ನಡೆಯಿತು. ಹೊಸ ನಿರ್ದೇಶಕರು ಬಂದಾಗ ಡೇಟಾ ತುಂಬುವವರು ಖಾಲಿ ಬಿಡುವುದು ಸರಿಯಲ್ಲವೆಂದು ಅಲ್ಲಿ ನಿರ್ದೇಶಕರ ಸಂಖ್ಯೆಯನ್ನೇ ಹಾಕಿದರು. ಈಗ ನಿರ್ದೇಶಕರ ಮೇಲಧಿಕಾರಿ ಅವರೇ. ಫಂಕ್ಷನ್ ಅವರಿಂದ ಅವರಿಗೇ ಹತ್ತುತ್ತ ಹೋಗುತ್ತದೆ, ಸ್ಟ್ಯಾಕ್ ಮುಗಿಯುವ ತನಕ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಜಾವಾದಲ್ಲಿ ಹೀಗಾದರೆ 'ಸ್ಟ್ಯಾಕ್‌ಓವರ್‌ಫ್ಲೋಎರರ್' ಎಂಬ ತಲೆಬರಹ, ಅದರ ಕೆಳಗೆ ಕರೆಗಳ ಉದ್ದನೆಯ ಪಟ್ಟಿ. ಹೊಸಬರು ನೋಡುವುದು ಮೇಲಿನ ಸಾಲನ್ನು. ಅಲ್ಲಿ ಎಷ್ಟೋ ಸಲ ಪಾಪದ ಲೈಬ್ರರಿ ಫಂಕ್ಷನ್ ಒಂದಿರುತ್ತದೆ. ಕೊನೆಯ ಬೈಟ್ ಕೇಳಿದ್ದೇ ಅದರ ಅಪರಾಧ. ನೋಡಬೇಕಾದ್ದು ಪಟ್ಟಿಯ ನಡುವಿನ ಪುನರಾವರ್ತನೆ. ಒಂದೇ ಸಾಲು ಮತ್ತೆ ಮತ್ತೆ ಬಂದರೆ ಫಂಕ್ಷನ್ ತನ್ನನ್ನೇ ಕರೆಯುತ್ತಿದೆ. ಎರಡು ಸಾಲು ಸರದಿಯಲ್ಲಿ ಬಂದರೆ ಎರಡು ಒಂದನ್ನೊಂದು ಕರೆಯುತ್ತಿವೆ: ವಿಭಾಗವನ್ನು ಮುದ್ರಿಸಲು ನೌಕರರನ್ನು ಮುದ್ರಿಸು, ನೌಕರನನ್ನು ಮುದ್ರಿಸಲು ಅವನ ವಿಭಾಗವನ್ನು ಮುದ್ರಿಸು ಎಂಬ ಜೋಡಿ ಬಹಳ ಸಾಮಾನ್ಯ. ಕಥೆ ಶುರುವಾದದ್ದು ಪಟ್ಟಿಯ ಬುಡದಲ್ಲಿ. ತೊಂದರೆಯೆಂದರೆ ಜಾವಾ ತಾನಾಗಿ ಮೊದಲ 1024 ಫ್ರೇಮ್‌ಗಳನ್ನಷ್ಟೇ ತೋರಿಸುತ್ತದೆ, ಬುಡ ಕತ್ತರಿಸಿಹೋಗಿರುತ್ತದೆ. ಆ ಮಿತಿಯನ್ನು ಹೆಚ್ಚಿಸಿ ಮತ್ತೊಮ್ಮೆ ಓಡಿಸಬೇಕು. ಸಿ ಪ್ರೋಗ್ರಾಂ ಆದರೆ ಜಿಡಿಬಿ ಡೀಬಗ್ಗರ್‌ನಲ್ಲಿ 'ಬಿಟಿ -20' ಎಂದರೆ ಬುಡದ 20 ಫ್ರೇಮ್‌ಗಳು ಸಿಗುತ್ತವೆ.

ಇಂಥ ಕಡೆ ಸ್ಟ್ಯಾಕ್ ಹಿಗ್ಗಿಸುವುದು ಶುದ್ಧ ಸೋಮಾರಿತನ. ಕೊನೆಯಿಲ್ಲದ ಕರೆಗೆ 8 ಎಂಬಿಯೂ ಸಾಲದು, 8 ಜಿಬಿಯೂ ಸಾಲದು. ಪೈಥಾನ್ ಇದನ್ನು ಊಹಿಸಿಯೇ ಕರೆಗಳ ಆಳ 1000 ದಾಟಿದರೆ 'ರಿಕರ್ಷನ್‌ಎರರ್' ಎಂದು ತಡೆಯುತ್ತದೆ. ಆ ಸಂಖ್ಯೆಯನ್ನು ಒಂದು ಲಕ್ಷಕ್ಕೆ ಏರಿಸಿಬಿಡುವ ಜಾಣರಿದ್ದಾರೆ. ಆಗ ಓದಬಹುದಾದ ದೋಷಸಂದೇಶದ ಬದಲು ಇಂಟರ್‌ಪ್ರಿಟರೇ ಕುಸಿದುಬೀಳಬಹುದು. ನೌಕರರ ಪಟ್ಟಿಗೆ ಬೇಕಾದ್ದು ಬೇರೆ: ಈಗಾಗಲೇ ಹಾದುಬಂದ ಸಂಖ್ಯೆಗಳನ್ನು ನೆನಪಿಟ್ಟು, ಮತ್ತೆ ಸಿಕ್ಕರೆ ನಿಲ್ಲುವುದು.

ಕೊನೆಯಿದ್ದೂ ತೀರಾ ಆಳಕ್ಕೆ ಇಳಿಯುವ ಪ್ರೋಗ್ರಾಂಗಳ ಕಥೆ ಹೆಚ್ಚು ಸ್ವಾರಸ್ಯದ್ದು. ಕ್ವಿಕ್‌ಸಾರ್ಟ್ ತೆಗೆದುಕೊಳ್ಳಿ. ಪಟ್ಟಿಯ ಮೊದಲ ಸಂಖ್ಯೆಯನ್ನು ಆಧಾರವಾಗಿಟ್ಟು, ಚಿಕ್ಕವನ್ನು ಒಂದು ಕಡೆ, ದೊಡ್ಡವನ್ನು ಇನ್ನೊಂದು ಕಡೆ ಮಾಡಿ, ಎರಡೂ ಭಾಗಗಳಿಗೆ ಅದೇ ಕೆಲಸ ಮಾಡುವ ವಿಧಾನ. ಪಟ್ಟಿ ಪ್ರತಿ ಸಲ ಅರ್ಧಕ್ಕೆ ಒಡೆದರೆ ಒಂದು ಲಕ್ಷ ಸಂಖ್ಯೆಗಳಿಗೆ ಸುಮಾರು 17 ಹಂತದ ಆಳ ಸಾಕು. ಚೆಲ್ಲಾಪಿಲ್ಲಿ ಸಂಖ್ಯೆಗಳ ಮೇಲೆ ಪರೀಕ್ಷಿಸಿದಾಗ ಎಲ್ಲವೂ ಸರಿ. ಆದರೆ ರಿಜಿಸ್ಟರ್ ನಂಬರಿನ ಪ್ರಕಾರ ಮೊದಲೇ ಜೋಡಿಸಿದ ಅಂಕಪಟ್ಟಿ ಬಂತೆಂದರೆ ಆಧಾರದ ಸಂಖ್ಯೆಯೇ ಎಲ್ಲಕ್ಕಿಂತ ಚಿಕ್ಕದು. ಒಂದು ಭಾಗ ಬರಿದು, ಉಳಿದದ್ದೆಲ್ಲ ಇನ್ನೊಂದು ಭಾಗ. ಆಳ 17ರಿಂದ ಒಂದು ಲಕ್ಷಕ್ಕೆ ಜಿಗಿಯಿತು. ಫ್ರೇಮ್ ಒಂದಕ್ಕೆ 100 ಬೈಟ್ ಹಿಡಿದರೂ ಒಂದು ಕೋಟಿ ಬೈಟ್. 8 ಎಂಬಿಯಲ್ಲಿ ಹಿಡಿಯದು. ಚೊಕ್ಕವಾಗಿ ಜೋಡಿಸಿಟ್ಟ ಪಟ್ಟಿಯೇ ಜೋಡಿಸುವ ಪ್ರೋಗ್ರಾಂಗೆ ಮುಳುವು! ಇದಕ್ಕೊಂದು ಹಳೆಯ, ಸೊಗಸಾದ ಉಪಾಯವಿದೆ: ಚಿಕ್ಕ ಭಾಗಕ್ಕೆ ಮಾತ್ರ ರಿಕರ್ಷನ್, ದೊಡ್ಡ ಭಾಗಕ್ಕೆ ಲೂಪ್. ಆಗ ಎಂಥ ಪಟ್ಟಿ ಬಂದರೂ ಆಳ 17 ಮೀರದು. ಕಾಲ ಹಾಳಾಗುವುದನ್ನು ಇದು ತಡೆಯದು. ಅದಕ್ಕೆ ಆಧಾರಸಂಖ್ಯೆಯ ಆಯ್ಕೆಯೇ ಬದಲಾಗಬೇಕು.

ಫಂಕ್ಷನ್ನಿನ ಕಟ್ಟಕಡೆಯ ಕೆಲಸವೇ ತನ್ನನ್ನು ಕರೆಯುವುದಾಗಿದ್ದರೆ ಕೆಲವು ಕಂಪೈಲರ್‌ಗಳು ತಾವೇ ಅದನ್ನು ಲೂಪ್ ಮಾಡಿಬಿಡುತ್ತವೆ. ಸಿ ಕಂಪೈಲರ್‌ಗಳು ಹೀಗೆ ಮಾಡುವುದು ಆಪ್ಟಿಮೈಸೇಶನ್ ಹಚ್ಚಿದಾಗ ಮಾತ್ರ. ಹಾಗಾಗಿ ಗ್ರಾಹಕರ ಬಳಿ ನೆಟ್ಟಗೆ ಓಡುವ ಪ್ರೋಗ್ರಾಂ ಡೀಬಗ್ ಬಿಲ್ಡ್‌ನಲ್ಲಿ ಬೀಳುವ ವಿಚಿತ್ರವೂ ಉಂಟು.

ಇಷ್ಟು ಹೊತ್ತು ಹೇಳಿದ ಯಂತ್ರಗಳಲ್ಲಿ ಸ್ಟ್ಯಾಕಿನ ಅಂಚಿಗೆ ಕಾವಲಿದೆ. ಮುಟ್ಟಬಾರದ ಒಂದು ಮೆಮೊರಿ ಪುಟವನ್ನು ಆಪರೇಟಿಂಗ್ ಸಿಸ್ಟಂ ಅಲ್ಲಿಟ್ಟಿರುತ್ತದೆ; ಮುಟ್ಟಿದೊಡನೆ ಪ್ರೋಗ್ರಾಂ ನಿಲ್ಲುತ್ತದೆ. ಆರ್ಡುಯಿನೊ ಉನೊದಂಥ ಸಣ್ಣ ಬೋರ್ಡಿನಲ್ಲಿ ಇರುವುದೇ 2 ಕೆಬಿ ರ‍್ಯಾಮ್, ಕಾವಲು ಪುಟವಿಲ್ಲ. ಮೇಲಿನಿಂದ ಇಳಿಯುವ ಸ್ಟ್ಯಾಕ್ ಕೆಳಗಿನ ವೇರಿಯಬಲ್‌ಗಳನ್ನು ಸದ್ದಿಲ್ಲದೆ ಅಳಿಸುತ್ತದೆ. ಹೊರಗೆ ಕಾಣುವುದು ತಾಪಮಾನದ ಹುಚ್ಚು ಸಂಖ್ಯೆ, ಇಲ್ಲವೇ ಕಾರಣವಿಲ್ಲದೆ ಮರುಚಾಲನೆ. ವೈರನ್ನೂ ಸೆನ್ಸರನ್ನೂ ಬದಲಾಯಿಸುತ್ತ ಕೂರುವವರೇ ಹೆಚ್ಚು.

ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಎಂಬೆಡೆಡ್ ಇಂಜಿನಿಯರ್‌ಗಳು ಇದನ್ನು ಹಿಡಿಯಲು ಸ್ಟ್ಯಾಕಿಗೇ ಬಣ್ಣ ಬಳಿಯುತ್ತಾರೆ. ಫ್ರೀಆರ್‌ಟಿಒಎಸ್ ಎಂಬ ತಂತ್ರಾಂಶ ಕೆಲಸ ಶುರುವಾಗುವ ಮೊದಲು ಸ್ಟ್ಯಾಕಿನ ಪ್ರತಿ ಬೈಟಿಗೂ ಹೆಕ್ಸ್ ಎ5 ತುಂಬಬಲ್ಲದು. ಕೆಲವು ದಿನ ಓಡಿಸಿ, ಎ5 ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿದರಾಯಿತು, ನೆರೆ ಇಳಿದ ಮೇಲೆ ಗೋಡೆಯ ಮೇಲಿನ ಕೆಸರಿನ ಗೆರೆ ನೋಡುವಂತೆ. ಆದರೆ ಗೆರೆ ಹೇಳುವುದು ಬಂದ ನೆರೆಯನ್ನಷ್ಟೇ. ಬರಬಹುದಾದದ್ದನ್ನು ಲೆಕ್ಕ ಹಾಕಿಯೇ ತಿಳಿಯಬೇಕು: ಜಿಸಿಸಿ ಕಂಪೈಲರ್ ಪ್ರತಿ ಫಂಕ್ಷನ್ನಿನ ಸ್ಟ್ಯಾಕ್ ಬಳಕೆಯನ್ನು ಬರೆದುಕೊಡುತ್ತದೆ, ಕರೆಗಳ ದಾರಿಗಳಲ್ಲಿ ಹೆಚ್ಚು ಬೈಟ್ ತಿನ್ನುವುದನ್ನು ಹಿಡಿದು ಕೂಡಬೇಕು. ನಡುವೆ ರಿಕರ್ಷನ್ ಬಂದರೆ ಕೂಡುವುದೇ ಅಸಾಧ್ಯ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಪ್ರಕಟಿಸಿದ ಹತ್ತು ನಿಯಮಗಳಲ್ಲಿ ಮೊದಲನೆಯದೇ ರಿಕರ್ಷನ್ ಕೂಡದು ಎನ್ನಲು ಇದೂ ಒಂದು ಕಾರಣ.

2013ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಟೊಯೋಟಾ ಕ್ಯಾಮ್ರಿ ಅಪಘಾತದ ಮೊಕದ್ದಮೆ ನಡೆದಾಗ ಈ ಕೂಡುವ ಲೆಕ್ಕ ನ್ಯಾಯಾಲಯಕ್ಕೇ ಬಂತು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸ್ಟ್ಯಾಕ್ ಬಳಕೆ ಶೇ. 41 ಎಂದಿತ್ತು ಕಂಪನಿ. ದೂರುದಾರರ ಪರ ತಜ್ಞ ಮೈಕೆಲ್ ಬಾರ್ ಅದು ಶೇ. 94 ಎಂದರು, ಜೊತೆಗೆ ರಿಕರ್ಷನ್ ಕೂಡ ಇದೆ ಎಂದರು. ಜ್ಯೂರಿ ಕಂಪನಿಯ ವಿರುದ್ಧ ತೀರ್ಪಿತ್ತಿತು. ಬಾರ್ ಎತ್ತಿದ ಹಲವು ದೋಷಗಳಲ್ಲಿ ಸ್ಟ್ಯಾಕ್ ಒಂದು ಮಾತ್ರ, ಮತ್ತು 2011ರಲ್ಲಿ ವರದಿ ಹೊರಬಂದ ನಾಸಾ ತನಿಖೆಗೆ ಎಲೆಕ್ಟ್ರಾನಿಕ್ ಕಾರಣ ಸಿಕ್ಕಿರಲಿಲ್ಲ. 41ಕ್ಕೂ 94ಕ್ಕೂ ನಡುವಿನ ಅಂತರಕ್ಕೆ ಬಾರ್ ಕೊಟ್ಟ ವಿವರಣೆ ಇಷ್ಟು: ಪಾಯಿಂಟರ್ ಮೂಲಕ ಹೋದ ಕೆಲವು ಕರೆಗಳು ಮತ್ತು ಲೈಬ್ರರಿ ಫಂಕ್ಷನ್‌ಗಳು ಕಂಪನಿಯ ಕೂಡಿಕೆಯಲ್ಲಿ ಬಿಟ್ಟುಹೋಗಿದ್ದವು.