ವಿಷಕ್ಕೆ ಬೇಡದ ಪರವಾನಗಿ

ಕೊಡಗಿನ ತೋಟದೊಳಗಿನ ಒಂದು ಬೀಟೆ ಮರವನ್ನು ಕಡಿಯಬೇಕಾದರೆ ಬೆಳೆಗಾರ ಅರ್ಜಿ ಸಲ್ಲಿಸಿ ಅರಣ್ಯ ಇಲಾಖೆಯ ಅನುಮತಿಗೆ ಕಾಯಬೇಕು. ತನ್ನ ಕಾಫಿಯನ್ನು ‘ಸಾವಯವ’ ಎಂಬ ಪ್ರಮಾಣಪತ್ರದೊಂದಿಗೆ ಹೊರದೇಶಕ್ಕೆ ಕಳುಹಿಸಬೇಕಾದರೆ ಮೂರು ವರ್ಷಗಳ ಪರಿವರ್ತನಾ ಅವಧಿ ದಾಟಬೇಕು, ದಾಖಲೆ ಇಡಬೇಕು, ಶುಲ್ಕ ತೆತ್ತು ತಪಾಸಣೆಗೆ ಒಳಗಾಗಬೇಕು. ಆದರೆ ಅದೇ ತೋಟಕ್ಕೆ ಕೀಟನಾಶಕ ಸಿಂಪಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ನೆರೆಯ ತೋಟದವರಿಗೆ ಒಂದು ಮಾತು ತಿಳಿಸಬೇಕೆಂಬ ಕಟ್ಟಳೆಯೂ ಇಲ್ಲ. ವಿಷ ಬಳಸದವನು ಕಾಗದಪತ್ರ ಒದಗಿಸಬೇಕು, ಬಳಸುವವನು ಒದಗಿಸಬೇಕಾಗಿಲ್ಲ.

ಈ ವೈಪರೀತ್ಯ ನನ್ನ ಅರಿವಿಗೆ ಬಂದದ್ದು ಸೇವೆಯಲ್ಲಿದ್ದಾಗ. ಸಣ್ಣ ಬೆಳೆಗಾರರೊಬ್ಬರು ಒಂದು ಬೆಳಿಗ್ಗೆ ಕಚೇರಿಗೆ ಬಂದು, ಸತ್ತ ಜೇನ್ನೊಣಗಳನ್ನು ಕಾಗದದ ಪೊಟ್ಟಣದಿಂದ ನನ್ನ ಮೇಜಿನ ಮೇಲೆ ಸುರಿದರು. ಪಕ್ಕದ ತೋಟದಲ್ಲಿ ಹಿಂದಿನ ದಿನ ಸಿಂಪರಣೆ ನಡೆದಿತ್ತು. ‘ಮೊದಲೇ ಹೇಳಿದ್ದರೆ ಪೆಟ್ಟಿಗೆ ಮುಚ್ಚಿಡುತ್ತಿದ್ದೆ ಸಾರ್, ಅಷ್ಟೇ’ ಎಂದರು. ಪರಿಹಾರ ಕೇಳಲಿಲ್ಲ, ಶಿಕ್ಷೆಯನ್ನೂ ಕೇಳಲಿಲ್ಲ. ನಾನು ಕಾಯ್ದೆ ಪುಸ್ತಕ ತಿರುವಿದೆ. ಅವರ ಕೆಲಸಕ್ಕೆ ಬರುವ ಒಂದು ಕಲಮೂ ಸಿಗಲಿಲ್ಲ. ಅರ್ಜಿಯ ಮೇಲೆ ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಇನ್ನೊಂದು ಇಲಾಖೆಗೆ ಕಳುಹಿಸಿದೆ. ಸೂಕ್ತ ಕ್ರಮ ಯಾವುದೆಂದು ನನಗೂ ಗೊತ್ತಿರಲಿಲ್ಲ.

ನಮ್ಮ ಕೀಟನಾಶಕ ಕಾಯ್ದೆ 1968ರದು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತ ದುರಂತ ಅದಕ್ಕೆ ಹಿನ್ನೆಲೆ. ತಯಾರಕರ ನೋಂದಣಿ, ಮಾರಾಟಗಾರರ ಪರವಾನಗಿ, ಡಬ್ಬಿಯ ಮೇಲೆ ವಿಷದ ಪ್ರಮಾಣಕ್ಕೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇವೆಲ್ಲ ಅದರ ವ್ಯವಸ್ಥೆಗಳು. ಆದರೆ 38ನೆಯ ಕಲಮು, ಮನೆ ಬಳಕೆಗೆ, ಕೈತೋಟಕ್ಕೆ ಮತ್ತು ಸ್ವಂತ ಸಾಗುವಳಿಯ ಜಮೀನಿಗೆ ಕೀಟನಾಶಕ ಬಳಸುವವರನ್ನು ಕಾಯ್ದೆಯಿಂದಲೇ ಹೊರಗಿಡುತ್ತದೆ. ಅಂಗಡಿಯ ಬಾಗಿಲು ದಾಟಿದ ಡಬ್ಬಿಯನ್ನು ಕಾನೂನು ಹಿಂಬಾಲಿಸುವುದಿಲ್ಲ. ಬಡ ರೈತನಿಗೆ ಇನ್‌ಸ್ಪೆಕ್ಟರನ ಕಾಟ ಬೇಡವೆಂಬ ಸದುದ್ದೇಶ ಅದರ ಹಿಂದಿದ್ದೀತು. ಫಲ ಮಾತ್ರ ಬೇರೆಯಾಯಿತು.

ಒಬ್ಬನ ಲಾಭದ ಕೆಲಸದಿಂದ ಇನ್ನೊಬ್ಬನ ಮೇಲೆ ಬೀಳುವ, ಬೆಲೆಯಲ್ಲಿ ಸೇರದ ವೆಚ್ಚವನ್ನು ಆರ್ಥರ್ ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಲ್ಲೇ ವಿವರಿಸಿದ್ದ. ಕೊಡಗಿಗಿಂತ ಸ್ಪಷ್ಟವಾದ ಉದಾಹರಣೆ ಅವನಿಗೂ ಸಿಗುತ್ತಿರಲಿಲ್ಲ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾಗುವ ಕೆಲವೇ ದಿನಗಳಲ್ಲಿ ಗಾಳಿ ಮತ್ತು ಜೇನ್ನೊಣಗಳು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯಬೇಕು. ಆಗ ಒಬ್ಬ ಸಿಂಪಡಿಸಿದ ವಿಷಕ್ಕೆ ನೊಣಗಳು ಬಲಿಯಾದರೆ, ನೆರೆಯವನ ಫಸಲಿಗೂ ಪೆಟ್ಟು ಬೀಳುತ್ತದೆ. ನೀರಿನ ಕಥೆಯೂ ಇದೇ. ತೋಟದ ಇಳಿಜಾರಿನಿಂದ ಗದ್ದೆಗೆ, ಗದ್ದೆಯಿಂದ ತೋಡಿಗೆ, ತೋಡಿನಿಂದ ಕಾವೇರಿಗೆ ಇಳಿಯುವ ನೀರು ಮುಂದೆ ಬೆಂಗಳೂರಿನ ನಲ್ಲಿಯನ್ನೂ ತಲುಪುತ್ತದೆ. ಸರ್ವೆ ನಂಬರಿನ ಗಡಿ ನೀರಿಗೆ ತಿಳಿಯದು.

ಬೆಳೆಗಾರನನ್ನು ಖಳನನ್ನಾಗಿ ಚಿತ್ರಿಸುವುದು ಸುಲಭ, ಆದರೆ ಅನ್ಯಾಯ. ಬಿಳಿ ಕಾಂಡಕೊರಕ ಅರೇಬಿಕಾ ಗಿಡದೊಳಗೆ ಹೊಕ್ಕರೆ ಮೇಲಿನ ಔಷಧ ಅದನ್ನು ಮುಟ್ಟದು. ಗಿಡವನ್ನೇ ಕಿತ್ತು ಸುಡಬೇಕು. ಅದಕ್ಕಾಗಿ ಹಿಂದೆ ಬಳಸುತ್ತಿದ್ದ ಲಿಂಡೇನ್ 2013ರಲ್ಲಿ ನಿಷೇಧವಾಯಿತು. ನೆರಳು ಕಾಪಾಡುವುದು, ತೊಗಟೆ ಉಜ್ಜಿ ಬಿರುಕು ತೆಗೆಯುವುದು, ಕಾಂಡಕ್ಕೆ ಸುಣ್ಣದ ನೀರು ಹೊಡೆಯುವುದು, ಮೋಹಕ ಬಲೆ ಇಡುವುದು ಮುಂತಾದ ದಾರಿಗಳಿವೆ. ಆದರೆ ಇವೆಲ್ಲಕ್ಕೂ ಆಳು ಬೇಕು. ಆಳು ಸಿಗದ ಊರಿನಲ್ಲಿ ಕಳೆ ಕೊಚ್ಚುವುದಕ್ಕಿಂತ ಕಳೆನಾಶಕ ಅಗ್ಗ. ಈ ಕಷ್ಟವನ್ನು ಗಮನಿಸದ ನಿಯಮ ಕಾಗದದಲ್ಲೇ ಉಳಿಯುತ್ತದೆ.

ನಿಯಮವೇ ಬೇಡವೆನ್ನುವವರು ಇನ್ನೊಂದು ಸಂಗತಿ ಗಮನಿಸಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊಡಗಿನದು; ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ, ಅದರಲ್ಲೂ ಯುರೋಪಿಗೆ. ಯುರೋಪಿಯನ್ ಒಕ್ಕೂಟ 2020ರಲ್ಲಿ ಕ್ಲೋರ್‌ಪೈರಿಫಾಸ್‌ಗೆ ಅನುಮತಿ ನವೀಕರಿಸದೆ, ಆಹಾರದಲ್ಲಿ ಅದರ ಶೇಷದ ಮಿತಿಯನ್ನೂ ತೀರಾ ಇಳಿಸಿತು. ಬ್ರಸೆಲ್ಸ್‌ನಲ್ಲಿ ಕುಳಿತವರ ಮಾತು ನಮ್ಮ ತೋಟಕ್ಕೆ ಅನ್ವಯಿಸುತ್ತದೆ. ನಮ್ಮ ಗ್ರಾಮಸಭೆಗೆ ಮಾತ್ರ ಮಾತಿಲ್ಲ.

ಗ್ರಾಮಕ್ಕೆ ಮಾತಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನೆರೆಯ ಕಾಸರಗೋಡು ಸಾಕ್ಷಿ. ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದವರೆಗೆ ಅಲ್ಲಿನ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಪಡ್ರೆಯಂಥ ಹಳ್ಳಿಗಳ ಜನ ಹೇಳಿದ್ದು ಅಧಿಕಾರಸ್ಥರ ಕಿವಿಗೆ ಬೀಳಲು ವರ್ಷಗಳೇ ಹಿಡಿದವು. ನಮ್ಮದೇ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲೂ ಅದೇ ಸಂಕಟ. ಕರ್ನಾಟಕ 2011ರ ಫೆಬ್ರುವರಿಯಲ್ಲಿ ನಿಷೇಧ ಹೇರಿತಾದರೂ, ರಾಜ್ಯವೊಂದು ಒಮ್ಮೆಗೆ 60 ದಿನ ಮಾತ್ರ ಹೀಗೆ ತಡೆಯಬಹುದೆಂಬುದು 1968ರ ಕಾಯ್ದೆಯ ಮಿತಿ. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೇ ಅನ್ವಯಿಸುವ ತಡೆ ನೀಡಬೇಕಾಯಿತು.

ಇದಕ್ಕೆ ಎದುರಾಗಿ ಕೆನಡಾದ ಹಡ್ಸನ್ ಎಂಬ ಪುಟ್ಟ ಪಟ್ಟಣದ ಉದಾಹರಣೆ ಇದೆ. ಜನಸಂಖ್ಯೆ ಐದು ಸಾವಿರದ ಆಸುಪಾಸು. ಹುಲ್ಲುಹಾಸು ಮತ್ತು ಹೂದೋಟಗಳ ಅಂದಕ್ಕಾಗಿ ಕೀಟನಾಶಕ ಬಳಸುವುದನ್ನು ಅದರ ಪುರಸಭೆ 1991ರಲ್ಲಿ ತಡೆಯಿತು. ರೈತರಿಗೆ ನಿಷೇಧವಿರಲಿಲ್ಲ, ಆ ವರ್ಷ ಯಾವ ಔಷಧವನ್ನು ಯಾವಾಗ ಬಳಸುವರೆಂದು ಅವರು ಮೊದಲೇ ಪುರಸಭೆಗೆ ಲಿಖಿತವಾಗಿ ತಿಳಿಸಿದರೆ ಸಾಕಿತ್ತು. ಸಿಂಪರಣೆ ಕಂಪೆನಿಗಳು ದಾವೆ ಹೂಡಿದವು. 2001ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಪುರಸಭೆಯ ಹಕ್ಕನ್ನು ಎತ್ತಿಹಿಡಿಯಿತು.

ನಮ್ಮಲ್ಲೂ ಇದು ಅಸಾಧ್ಯವಲ್ಲ. ಸಂವಿಧಾನದ ರಾಜ್ಯಪಟ್ಟಿಯ 14ನೆಯ ಬಾಬು, ಕೃಷಿಯ ಜೊತೆಗೆ ಕೀಟಗಳಿಂದ ಬೆಳೆಯ ರಕ್ಷಣೆಯನ್ನೂ ರಾಜ್ಯಕ್ಕೆ ಬಿಟ್ಟಿದೆ. ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಹೇಳುವ 11ನೆಯ ಅನುಸೂಚಿಯ ಮೊದಲ ಬಾಬೇ ಕೃಷಿ. ಸಿಕ್ಕಿಂ 2014ರಲ್ಲಿ ರಾಸಾಯನಿಕ ಪರಿಕರಗಳಿಗೆ ತನ್ನದೇ ಕಾನೂನು ತಂದಿತು. ಕೊಡಗು ಒಮ್ಮೆಲೇ ಸಿಕ್ಕಿಂ ಆಗಬೇಕಿಲ್ಲ. ರಾಜ್ಯ ಸರ್ಕಾರ ಒಂದು ಕಿರು ಕಾನೂನಿನ ಮೂಲಕ ಪಂಚಾಯಿತಿಗಳಿಗೆ ಮೂರು ಅಧಿಕಾರ ಕೊಟ್ಟರೆ ಸಾಕು. ಮೊದಲನೆಯದು, ಸಿಂಪರಣೆಗೆ ಎರಡು ದಿನ ಮುನ್ನ ನೆರೆಯವರಿಗೂ ಪಂಚಾಯಿತಿಗೂ ತಿಳಿಸುವ ಕಡ್ಡಾಯ. ಎರಡನೆಯದು, ಕಾಫಿ ಹೂವಿನ ದಿನಗಳಲ್ಲಿ ಮತ್ತು ತೋಡುಗಳ ಅಂಚಿನಲ್ಲಿ ಸಿಂಪರಣೆಗೆ ತಡೆ. ಮೂರನೆಯದು, ರೆಸಾರ್ಟ್ ಮತ್ತು ಹೋಂಸ್ಟೇಗಳ ಹುಲ್ಲುಹಾಸಿಗೆ, ಅದಕ್ಕೂ ಮೊದಲು ಸರ್ಕಾರಿ ಕಚೇರಿ, ಶಾಲೆ, ಉದ್ಯಾನಗಳಿಗೆ ವಿಷ ಬಳಸದಿರುವ ಷರತ್ತು. ಹುಲ್ಲಿನ ಅಂದಕ್ಕೆ ಯಾರ ಜೀವನೋಪಾಯವೂ ಅಂಟಿಕೊಂಡಿಲ್ಲ. ಅಲ್ಲಿಂದ ಆರಂಭಿಸಿದರೆ ಯಾರಿಗೂ ನಷ್ಟವಿಲ್ಲ.

ಮತ್ತೊಂದು ಪರವಾನಗಿ, ಮತ್ತೊಬ್ಬ ಇನ್‌ಸ್ಪೆಕ್ಟರ್, ಮತ್ತೊಂದು ಲಂಚದ ಬಾಗಿಲು ಎಂಬ ಆಕ್ಷೇಪ ಬರುತ್ತದೆ. ಆಡಳಿತದೊಳಗಿದ್ದ ನನಗೆ ಆ ಭಯ ಅರ್ಥವಾಗುತ್ತದೆ. ಅದಕ್ಕೇ ನಾನು ಬೆಳೆಗಾರನಿಂದ ಅನುಮತಿಯ ಅರ್ಜಿ ಕೇಳುತ್ತಿಲ್ಲ, ತಿಳಿವಳಿಕೆಯ ಚೀಟಿ ಕೇಳುತ್ತಿದ್ದೇನೆ. ಅನುಮತಿ ಕೊಡುವವನಿಗೆ ಲಂಚ ಕೇಳುವ ಅವಕಾಶವಿದೆ. ಸುದ್ದಿ ಕೇಳಿಸಿಕೊಳ್ಳುವವನಿಗೆ ಇಲ್ಲ.

ಅಂದು ನನ್ನೆದುರು ಕುಳಿತಿದ್ದವರು ಕೇಳಿದ್ದೂ ಅಷ್ಟೇ, ಒಂದು ದಿನ ಮುಂಚಿತವಾಗಿ ಒಂದು ಮಾತು. ಅವರ ಅರ್ಜಿಯ ಮೇಲೆ ನಾನು ಬರೆದ ಎರಡು ಪದಗಳಿಗೆ ಇನ್ನಾದರೂ ಅರ್ಥ ಬರಲಿ.