ಬೈಕ್ ಓಡಿಸೋ ಧೈರ್ಯ ಬರೋದು ಹೇಗೆ? ಪುಣೆಯ ಮಾರ್ಕೆಟ್ ಯಾರ್ಡ್ ಕಲಿಸುವ ಪಾಠಗಳು

ಈ ವಾರದ ಮಾತುಕತೆಯ ಬರಹ ರೂಪ ಇದು. ವಿಡಿಯೋ ನೋಡೋಕೆ ಸಮಯ ಸಿಗದವರು ಆರಾಮಾಗಿ ಓದಿಕೊಳ್ಳಿ.

ಕೆಲಸಕ್ಕೆ ಅಂತ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ವಿಜಯಪುರದಿಂದ ಪುಣೆಗೆ ಬಂದ ನಮ್ಮವರಲ್ಲಿ ಒಂದು ವಿಷಯ ತುಂಬಾ ಸಾಮಾನ್ಯ. ಲೈಸೆನ್ಸ್ ಇರುತ್ತೆ, ಗಾಡಿನೂ ಇರುತ್ತೆ, ಆದರೆ ಅದು ಸೊಸೈಟಿಯ ಪಾರ್ಕಿಂಗ್‌ನಲ್ಲಿ ಧೂಳು ತಿನ್ನುತ್ತಾ ನಿಂತಿರುತ್ತೆ. "ಊರಲ್ಲಿ ಓಡಿಸ್ತಿದ್ದೆ ಕಣ್ರೀ, ಇಲ್ಲಿನ ಟ್ರಾಫಿಕ್ ನೋಡಿದ್ರೆ ಕೈ ನಡುಗುತ್ತೆ" ಅಂತಾರೆ. ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ. ಗಾಡಿ ತಗೊಂಡು ಎರಡು ತಿಂಗಳಿಗೇ ಲಾಂಗ್ ವೀಕೆಂಡ್ ಬಂತು ಅಂತ ರಾತ್ರೋರಾತ್ರಿ ಊರಿಗೆ ಹೊರಟುಬಿಡ್ತಾರೆ.

ಇಬ್ಬರಿಗೂ ಬೇಕಾಗಿರೋದು ಒಂದೇ. ರಸ್ತೆಯಲ್ಲಿ ಹೋಗುವಾಗ ಒಂದು ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಗೊತ್ತಿರಬೇಕು: "ನನಗೆ ಈಗ ಎಷ್ಟು ದೂರದ ರಸ್ತೆ ಖಾಲಿ ಕಾಣ್ತಿದೆಯೋ, ಅಷ್ಟರೊಳಗೆ ನಾನು ಗಾಡಿ ನಿಲ್ಲಿಸಬಲ್ಲೆನಾ?" ಹೌದು ಅಂತ ಗೊತ್ತಿದ್ದರೆ ಅದು ಧೈರ್ಯ. ಗೊತ್ತಿಲ್ಲದೆ ಹೋಗ್ತಿದ್ದರೆ ಅದು ಅದೃಷ್ಟದ ಮೇಲಿನ ಭರವಸೆ ಅಷ್ಟೇ.

ಈ ಪ್ರಶ್ನೆಯನ್ನ ಹೆಜ್ಜೆಹೆಜ್ಜೆಗೂ ಕೇಳುವ ಜಾಗ ಮಾರ್ಕೆಟ್ ಯಾರ್ಡ್. ಸ್ವಾರಗೇಟ್ ಹತ್ತಿರ, ಗುಲ್ಟೇಕಡಿಯಲ್ಲಿರುವ ಪುಣೆ ಎಪಿಎಂಸಿಯ ಸಗಟು ಮಾರುಕಟ್ಟೆ. ತರಕಾರಿ, ಹಣ್ಣು, ಹೂವು, ಈರುಳ್ಳಿ, ದಿನಸಿ ಎಲ್ಲಾ ಇಲ್ಲಿಗೆ ಬರುತ್ತೆ. ಬೆಳಗಿನ ಜಾವದಿಂದಲೇ ಲಾರಿ, ಟೆಂಪೋ, ಕೈಗಾಡಿ, ಮೂಟೆ ಹೊತ್ತ ಹಮಾಲರು, ರಿಕ್ಷಾ, ಸ್ಕೂಟರ್ ಎಲ್ಲವೂ ಒಂದೇ ರಸ್ತೆಯಲ್ಲಿ. ಬಿಬ್ವೇವಾಡಿ, ಕೊಂಢ್ವಾ ಕಡೆ ಮನೆ ಮಾಡಿರುವವರಿಗೆ ಈ ದಾರಿ ತಪ್ಪಿದ್ದಲ್ಲ. ಇಲ್ಲಿ ಸ್ಪೀಡ್ ಹೋಗೋಕೆ ಆಗಲ್ಲ. ಆದರೆ ಬೈಕ್‌ನಲ್ಲಿ ನಿಜವಾಗಿ ಕಷ್ಟ ಇರೋದು ನಿಧಾನವಾಗಿ ಹೋಗೋದರಲ್ಲೇ.

ಮೊದಲ ಪಾಠ: ನಡಿಗೆಯ ವೇಗ

ಬೈಕ್ ಓಡ್ತಿರುವಾಗ ಚಕ್ರಗಳೂ ಹ್ಯಾಂಡಲೂ ಸೇರಿ ತಾವಾಗೇ ಗಾಡಿಯನ್ನ ನೆಟ್ಟಗೆ ಇಡ್ತವೆ. ವೇಗ ತೀರಾ ಕಡಿಮೆಯಾದಾಗ ಆ ಸಹಾಯ ಸಿಗಲ್ಲ. ಅದಕ್ಕೇ ಹೊಸಬರು ಜನಸಂದಣಿಯಲ್ಲಿ ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು ತೆವಳ್ತಾರೆ, ಅಥವಾ ಗಾಡಿ ಆಫ್ ಮಾಡಿಕೊಳ್ತಾರೆ.

ಪರಿಹಾರ ಹಾಫ್ ಕ್ಲಚ್. ಕ್ಲಚ್ ಬಿಡ್ತಾ ಬಂದಾಗ ಒಂದು ಕಡೆ ಗಾಡಿ ಮುಂದಕ್ಕೆ ಎಳೆಯೋಕೆ ಶುರು ಮಾಡುತ್ತಲ್ಲ, ಬೆರಳುಗಳನ್ನ ಆ ಜಾಗದಲ್ಲೇ ಹಿಡಿದಿಡಿ. ಆಕ್ಸಿಲರೇಟರ್ ಸ್ವಲ್ಪ, ಒಂದೇ ಸಮ. ವೇಗ ಹೆಚ್ಚಾಯ್ತು ಅನ್ನಿಸಿದರೆ ಹಿಂದಿನ ಬ್ರೇಕ್ ಮೆತ್ತಗೆ ಒತ್ತಿ. ಇಷ್ಟರಲ್ಲೇ ಒಬ್ಬ ಮನುಷ್ಯ ನಡೆಯುವ ವೇಗದಲ್ಲಿ ಗಾಡಿ ನೆಟ್ಟಗೆ ಹೋಗುತ್ತೆ. ಸ್ಕೂಟರ್‌ನಲ್ಲಿ ಕ್ಲಚ್ ಇಲ್ಲ, ಸಣ್ಣ ಆಕ್ಸಿಲರೇಟರ್ ಜೊತೆ ಎಡಗೈ ಬ್ರೇಕ್ ಬಳಸಿ.

ಆದರೆ ಇದನ್ನ ಸೀದಾ ಮಾರ್ಕೆಟ್ ಯಾರ್ಡ್‌ಗೆ ಹೋಗಿ ಕಲಿಯಬೇಡಿ. ಟೆಸ್ಟ್ ಮಾಡದ ಕೋಡನ್ನ ಯಾರಾದರೂ ಪ್ರೊಡಕ್ಷನ್‌ಗೆ ಹಾಕ್ತಾರಾ? ಮೊದಲು ಸೊಸೈಟಿಯ ಖಾಲಿ ಜಾಗದಲ್ಲಿ ಎರಡು ಕಾರು ನಿಲ್ಲುವಷ್ಟು ಅಗಲದಲ್ಲಿ ಎಂಟು ಅಂಕಿ ಹಾಕಿ. ಕಾಲು ಕೆಳಗಿಡದೆ ಹತ್ತು ಸುತ್ತು ಬರುವವರೆಗೆ ಅದೇ ಅಭ್ಯಾಸ.

ಎರಡನೇ ಪಾಠ: ಕಣ್ಣು ಎಲ್ಲೋ ಗಾಡಿ ಅಲ್ಲೇ

ಗುಂಡಿಯನ್ನೇ ನೋಡ್ತಾ ಹೋದರೆ ಗುಂಡಿಗೇ ಇಳಿಯುತ್ತೀರಿ. ನಿಂತಿರುವ ಟೆಂಪೋವನ್ನೇ ದಿಟ್ಟಿಸಿದರೆ ಅದರ ಕಡೆಗೇ ವಾಲುತ್ತೀರಿ. ಹೆದರಿದ ಕಣ್ಣು ಹೆದರಿಸಿದ ವಸ್ತುವಿನ ಮೇಲೇ ಅಂಟಿಕೊಳ್ಳುತ್ತೆ, ಕೈ ಕಣ್ಣನ್ನೇ ಹಿಂಬಾಲಿಸುತ್ತೆ. ಹಾಗಾಗಿ ಅಡೆತಡೆಯನ್ನ ಒಮ್ಮೆ ಗುರುತಿಸಿ, ತಕ್ಷಣ ದೃಷ್ಟಿಯನ್ನ ಅದರ ಪಕ್ಕದ ಖಾಲಿ ಜಾಗಕ್ಕೆ ತನ್ನಿ. ಗದ್ದ ಮೇಲಕ್ಕಿರಲಿ. ಮುಂದಿನ ಚಕ್ರ ನೋಡಿಕೊಂಡು ಓಡಿಸುವವರಿಗೆ ಗಾಡಿ ಯಾವಾಗಲೂ ಅಲುಗಾಡ್ತಾನೇ ಇರುತ್ತೆ.

ಮೂರನೇ ಪಾಠ: ನಿಲ್ಲಿಸುವ ಲೆಕ್ಕ

ಅಪಾಯ ಕಂಡು ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಒಣ ರಸ್ತೆ, ಬ್ರೇಕ್ ಚೆನ್ನಾಗಿದೆ, ಓಡಿಸುವವರು ಸಾಧಾರಣ ಅಭ್ಯಾಸದವರು. ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಲ್ಲೋಕೆ ಸುಮಾರು 9 ಮೀಟರ್ ಬೇಕು. 40ರಲ್ಲಿ 23 ಮೀಟರ್. 60ರಲ್ಲಿ 45 ಮೀಟರ್. 80ರಲ್ಲಿ 70 ಮೀಟರ್ ದಾಟುತ್ತೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕರಷ್ಟಾಗುತ್ತೆ. ಮಳೆಯಲ್ಲಿ ಇನ್ನೂ ಜಾಸ್ತಿ.

"ಮುಂದಿನ ಬ್ರೇಕ್ ಹಿಡೀಬೇಡ, ಬೀಳ್ತೀಯ" ಅಂತ ಊರಲ್ಲಿ ಹೇಳಿಕೊಟ್ಟಿರ್ತಾರೆ. ಇದು ಅರ್ಧ ಸತ್ಯ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಹಾಗಾಗಿ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಚಕ್ರದಲ್ಲೇ ಇದೆ. ಬೀಳೋದು ಅದನ್ನ ಗಬಕ್ಕನೆ ಹಿಡಿದಾಗ, ಅಥವಾ ಹ್ಯಾಂಡಲ್ ತಿರುಗಿರುವಾಗ ಹಿಡಿದಾಗ. ಹ್ಯಾಂಡಲ್ ನೆಟ್ಟಗಿರಲಿ, ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ ಒತ್ತಿ, ಜೊತೆಗೆ ಹಿಂದಿನದನ್ನೂ ಹಿಡಿಯಿರಿ. 2019ರ ಏಪ್ರಿಲ್ ನಂತರ ಮಾರಾಟವಾದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯ, ಅದು ಚಕ್ರ ಲಾಕ್ ಆಗದಂತೆ ತಡೆಯುತ್ತೆ. ಕೆಲವು ಗಾಡಿಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತೆ, ನಿಮ್ಮದರಲ್ಲಿ ಹೇಗಿದೆ ನೋಡಿಕೊಳ್ಳಿ.

ವಾರಕ್ಕೊಮ್ಮೆ ಖಾಲಿ ಜಾಗದಲ್ಲಿ 20, ಆಮೇಲೆ 30ರ ವೇಗದಿಂದ ಪೂರ್ತಿ ನಿಲ್ಲಿಸಿ ಅಭ್ಯಾಸ ಮಾಡಿ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಲ್ಲಿ ನಿಂತಿತು ಗುರುತು ಹಾಕಿ. ಹತ್ತು ಸಲ ಮಾಡಿದ ಮೇಲೆ ನಿಮ್ಮ ಸ್ವಂತ ಅಳತೆ ನಿಮಗೆ ಗೊತ್ತಾಗುತ್ತೆ. ಭಯ ಇಳಿಯೋದು ಇಲ್ಲಿಂದ.

ನಾಲ್ಕನೇ ಪಾಠ: ನೀವು ಅವರಿಗೆ ಕಾಣ್ತಿದ್ದೀರಾ?

ಬೆನ್ನ ಮೇಲೆ ಮೂಟೆ ಹೊತ್ತು ಬಗ್ಗಿ ನಡೆಯುವ ಹಮಾಲರಿಗೆ ಪಕ್ಕ ಕಾಣಲ್ಲ, ಥಟ್ಟನೆ ನಿಲ್ಲೋಕೂ ಆಗಲ್ಲ. ತುಂಬಿದ ಕೈಗಾಡಿಗೆ ಬ್ರೇಕೇ ಇಲ್ಲ. ಅವರು "ಬಾಜೂಲಾ, ಬಾಜೂಲಾ" ಅಂದರೆ ಪಕ್ಕಕ್ಕೆ ಸರಿಯಿರಿ ಅಂತ. ಅಲ್ಲಿ ಹಾರ್ನ್ ಹೊಡೆದು ಪ್ರಯೋಜನ ಇಲ್ಲ, ನಿಂತು ದಾರಿ ಬಿಡಿ. ಇನ್ನೂ ಮೂರು ಮರಾಠಿ ಪದ ನೆನಪಿಟ್ಟುಕೊಳ್ಳಿ: ಥಾಂಬಾ ಅಂದರೆ ನಿಲ್ಲಿ, ಡಾವೀಕಡೆ ಅಂದರೆ ಎಡಕ್ಕೆ, ಉಜವೀಕಡೆ ಅಂದರೆ ಬಲಕ್ಕೆ.

ಲಾರಿಯ ವಿಷಯದಲ್ಲಿ ಒಂದೇ ನಿಯಮ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣ್ತಿಲ್ಲ. ಎಡಕ್ಕೆ ತಿರುಗುವ ಲಾರಿಯ ಎಡಪಕ್ಕದ ಸಂದಿಯಲ್ಲಿ ಯಾವತ್ತೂ ನುಗ್ಗಬೇಡಿ. ತಿರುಗುವಾಗ ಅದರ ಹಿಂದಿನ ಚಕ್ರ ಒಳಕ್ಕೆ ಬರುತ್ತೆ, ಆ ಸಂದಿ ಮುಚ್ಚಿಹೋಗುತ್ತೆ. ಪಕ್ಕದವರು ನುಗ್ಗಿದರು ಅಂತ ನೀವೂ ಹೋಗಬೇಕಿಲ್ಲ.

ಐದನೇ ಪಾಠ: ನೆಲ ಓದೋದು

ಮಾರುಕಟ್ಟೆ ರಸ್ತೆಯಲ್ಲಿ ಕೋಸಿನ ಎಲೆ, ಈರುಳ್ಳಿ ಸಿಪ್ಪೆ, ಕೊಳೆತ ಹೂವು ಬಿದ್ದಿರುತ್ತೆ. ಜೂನ್‌ನ ಮೊದಲ ಮಳೆ ಬಂದಾಗ ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಸಾಬೂನಿನಂತಾಗುತ್ತೆ. ಅಂಥ ಕಡೆ ಬ್ರೇಕ್, ತಿರುವು, ಆಕ್ಸಿಲರೇಟರ್ ಮೂರೂ ಬೇಡ. ಮೊದಲೇ ವೇಗ ಇಳಿಸಿ, ಗಾಡಿ ನೆಟ್ಟಗಿಟ್ಟು, ಒಂದೇ ಸಮನಾಗಿ ದಾಟಿಬಿಡಿ.

ಮೆಟ್ಟಿಲು ಹತ್ತೋದು

ಖಾಲಿ ಜಾಗ ಆಯ್ತಾ? ಮುಂದೆ ಭಾನುವಾರ ಬೆಳಗ್ಗೆ ಮನೆ ಹತ್ತಿರದ ಒಳರಸ್ತೆಗಳು. ಆಮೇಲೆ ಜನ ಕಡಿಮೆ ಇರುವ ಹೊತ್ತು ನೋಡಿ ಮಾರ್ಕೆಟ್ ಯಾರ್ಡ್ ಮುಖ್ಯ ರಸ್ತೆ. ಆಮೇಲೆ ಗಂಗಾಧಾಮ ಚೌಕದಿಂದ ಆಯೀಮಾತಾ ಮಂದಿರದ ಕಡೆಯ ಏರು. ಏರಿನಲ್ಲಿ ನಿಂತು ಹೊರಡುವಾಗ ಹಿಂದಿನ ಬ್ರೇಕ್ ಒತ್ತಿಕೊಂಡೇ ಹಾಫ್ ಕ್ಲಚ್‌ಗೆ ಬನ್ನಿ, ಗಾಡಿ ಎಳೆಯೋಕೆ ಶುರು ಮಾಡಿದ ಮೇಲೆ ಬ್ರೇಕ್ ಬಿಡಿ. ಕೊನೆಗೆ ಸ್ವಾರಗೇಟ್, ಸಾತಾರಾ ರಸ್ತೆಯ ಸಂಜೆ ಟ್ರಾಫಿಕ್. ಒಂದು ಮೆಟ್ಟಿಲು ಬೋರ್ ಅನ್ನಿಸಿದಾಗ ಮಾತ್ರ ಮುಂದಿನದಕ್ಕೆ ಹೋಗಿ.

ಹಿಂದೆ ಇನ್ನೊಬ್ಬರನ್ನ ಕೂರಿಸಿಕೊಳ್ಳೋದು ಬೇರೆಯದೇ ಮೆಟ್ಟಿಲು. ಭಾರ ಹೆಚ್ಚಾದಾಗ ಬ್ರೇಕಿನ ಅಳತೆ, ತಿರುವಿನ ಅಂದಾಜು ಎರಡೂ ಬದಲಾಗುತ್ತೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ನಾಲ್ಕು ವರ್ಷದೊಳಗಿನ ಮಗು ಇದ್ದರೆ, 2022ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮದಂತೆ ಮಗುವಿಗೆ ಸೇಫ್ಟಿ ಬೆಲ್ಟ್ ಮತ್ತು ಅಳತೆಯ ಹೆಲ್ಮೆಟ್ ಕಟ್ಟಬೇಕು, ವೇಗ 40 ಮೀರಬಾರದು. ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 4151 ಅಂತ ಇದೆಯಾ ನೋಡಿ. ಬೆಲ್ಟ್ ಹಾಕದ ಹೆಲ್ಮೆಟ್ ಬಿದ್ದಾಗ ತಲೆಯಲ್ಲಿ ಉಳಿಯಲ್ಲ.

ಊರಿನ ದಾರಿ

ಈಗ ಲಾಂಗ್ ವೀಕೆಂಡ್‌ನವರ ವಿಷಯ. ಪುಣೆಯಿಂದ ಬೆಳಗಾವಿ ಸುಮಾರು 340 ಕಿ.ಮೀ., ಬೆಂಗಳೂರು 840 ಕಿ.ಮೀ. ಹೋಗುವಾಗ ಉತ್ಸಾಹ ಇರುತ್ತೆ. ಕಷ್ಟ ಇರೋದು ಭಾನುವಾರ ರಾತ್ರಿ ವಾಪಸ್ ಬರುವಾಗ. ಸೋಮವಾರ ಬೆಳಗ್ಗೆ ಕಾಲ್ ಇದೆ, ಮೈ ದಣಿದಿದೆ, ಪುಣೆ ಬಂದೇಬಿಡ್ತು ಅನ್ನೋ ನಿರಾಳ. ಅದೇ ಹೊತ್ತಿಗೆ ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆಯ ಕಡೆ ಉದ್ದನೆಯ ಇಳಿಜಾರು ಶುರುವಾಗುತ್ತೆ. 2022ರ ನವೆಂಬರ್‌ನಲ್ಲಿ ಒಂದು ಭಾನುವಾರ ರಾತ್ರಿ ಇದೇ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತ್ತು. ಅಲ್ಲಿ ಅಪಾಯ ಬರೋದು ಹಿಂದಿನಿಂದ. ನಿಮ್ಮ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಲಾರಿಯನ್ನ ಅದು ನಿಲ್ಲಿಸಲ್ಲ. ಆ ಇಳಿಜಾರಿನಲ್ಲಿ ಲಾರಿಗಳ ಮುಂದೆ ಇರಬೇಡಿ, ಕನ್ನಡಿ ನೋಡ್ತಾ ಇರಿ, ಮುಂದೆ ವಾಹನಗಳು ನಿಂತಿದ್ದರೆ ಪಕ್ಕಕ್ಕೆ ಸರಿಯುವಷ್ಟು ಜಾಗ ಇಟ್ಟುಕೊಳ್ಳಿ. ಕಣ್ಣು ಎಳೀತಿದ್ದರೆ ಸಾತಾರಾದಲ್ಲೇ ಗಾಡಿ ನಿಲ್ಲಿಸಿ ಮಲಗಿ. ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿದರೆ ಮುಗೀತು.

ಆರು ತಿಂಗಳು ಆದ ಮೇಲೆ ಕೈ ನಡುಗೋದು ನಿಂತಿರುತ್ತೆ. ಸ್ವಲ್ಪ ಹುಷಾರಾಗಿರಬೇಕಾದ ಕಾಲ ಅದೇ, ಯಾಕಂದ್ರೆ ಭಯ ಹೋದ ಜಾಗದಲ್ಲಿ ಲೆಕ್ಕ ಬಂದಿರಬೇಕು. ಬಂದಿದೆಯಾ ಅಂತ ತಿಳಿಯೋಕೆ ಮೊದಲು ಹೇಳಿದ ಆ ಪ್ರಶ್ನೆಯನ್ನ ದಿನಾ ಗೇಟು ದಾಟುವಾಗ ಕೇಳಿಕೊಳ್ಳಿ.

ನೀವು ಯಾವ ಮೆಟ್ಟಿಲಲ್ಲಿದ್ದೀರಿ, ಯಾವ ರಸ್ತೆಯಲ್ಲಿ ತೊಂದರೆ ಆಗ್ತಿದೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿಟ್ಟಿರುವ ಗೆಳೆಯರಿದ್ದರೆ ಅವರಿಗೂ ಇದನ್ನ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.