ಅಟ್ಟದ ಕಾಯಿ, ಬ್ಯಾಂಕಿನ ಬಡ್ಡಿ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಬರುವ ಪ್ರವಾಸಿಗಳು ಸಾಮಾನ್ಯವಾಗಿ ಎರಡು ಗುಡಿಗಳನ್ನು ನೋಡಿಕೊಂಡು ಹಿಂದಿರುಗುತ್ತಾರೆ. 9ನೆಯ ಶತಮಾನದ ಕಲ್ಲೇಶ್ವರನ ಗುಡಿಯಲ್ಲಿ ತಲೆಯೆತ್ತಿ ನಿಂತು, ಮೇಲ್ಛಾವಣಿಯ ಕಲ್ಲಿನಲ್ಲಿ ದಿಕ್ಪಾಲಕರ ನಡುವೆ ನರ್ತಿಸುತ್ತಿರುವ ಶಿವನನ್ನು ಕಂಡು ಬೆರಗಾಗುತ್ತಾರೆ. ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿ ಹೊನೋಜನ ಕೈಚಳಕವನ್ನು ಮೆಚ್ಚುತ್ತಾರೆ. ಆದರೆ ಈ ಸೀಮೆಯ ಮನೆಗಳಲ್ಲಿ ತಲೆಯೆತ್ತಿ ನೋಡಬೇಕಾದ ಇನ್ನೊಂದು ಸೋಜಿಗವುಂಟು. ಅದು ತೆಂಗಿನಕಾಯಿಯ ಅಟ್ಟ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರನಿಗೆ ಅಟ್ಟವೇ ಭಂಡಾರ. ಚೆನ್ನಾಗಿ ಬಲಿತ ಕಾಯನ್ನು ಸುಲಿಯದೆಯೇ ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷದವರೆಗೂ, ಅದರ ಪಾಡಿಗೆ ಅದನ್ನು ಬಿಟ್ಟುಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ. ಆಗ ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಗಿಟುಕು ಉರುಳುವ ಸದ್ದು ಕೇಳಿಸುತ್ತದೆ. ಉಂಡೆ ಕೊಬ್ಬರಿ ಸಿದ್ಧವಾಯಿತೆಂಬುದಕ್ಕೆ ಆ ಸದ್ದೇ ಪ್ರಮಾಣ. ಮದುವೆಯೋ, ಮಗನ ಓದಿನ ಖರ್ಚೋ, ಕೊಳವೆಬಾವಿಯ ವೆಚ್ಚವೋ ಎದುರಾದಾಗ ಅಟ್ಟದಿಂದ ಕಾಯಿ ಇಳಿಯುತ್ತದೆ. ಗಿಟುಕು ಚೀಲ ಸೇರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಹೀಗೆ ಅಟ್ಟವು ಉಳಿತಾಯದ ಖಾತೆ. ಕಾದಿದ್ದಕ್ಕೆ ದೊರೆಯುವ ಹೆಚ್ಚಿನ ಬೆಲೆಯೇ ಅದರ ಬಡ್ಡಿ.

ಆದರೆ ಈ ಬಡ್ಡಿಗೆ ನಿಯಮವಿಲ್ಲ. 2023ರಲ್ಲಿ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿದು ಬೆಳೆಗಾರರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಆಗಿದ್ದಾಗ, ಆ ವರ್ಷದ ನಡುಭಾಗದಲ್ಲಿ ಮಾರುಕಟ್ಟೆಯ ಬೆಲೆ ಅದರ ಎರಡರಷ್ಟನ್ನು ಮೀರಿತು. ಅಂಥ ಸುಗ್ಗಿಯಲ್ಲಿ ಕೈಸೇರಿದ ಹಣವನ್ನು ಮುಂದಿನ ಬರಗಾಲಕ್ಕೆ ಹೇಗೆ ಉಳಿಸಿಕೊಳ್ಳಬೇಕು? ಬೆಲೆ ಬಿದ್ದ ವರ್ಷ ಸಾಲ ಬೇಕಾದರೆ ಯಾವ ಮುಖ ಹೊತ್ತು ಕೇಳಬೇಕು? ತೆಂಗಿನ ಸೀಮೆಯ ಗೃಹಸ್ಥರನ್ನು ಬಹುಕಾಲದಿಂದ ಕಾಡುವ ಪ್ರಶ್ನೆಗಳಿವು. ಇವಕ್ಕೆ ಉತ್ತರ ಹೇಳುವ ಸ್ಥಳ ಮಾತ್ರ ಈಗ ಬದಲಾಗಿದೆ.

ಬಡ್ಡಿಯ ಕಥೆ

ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಕಾರ್ಯ ನಡೆಸುವ ಉಪಾಯ ಕನ್ನಡ ನಾಡಿಗೆ ಹೊಸದಲ್ಲ. ದೇವರ ನಂದಾದೀವಿಗೆಗೆಂದು ಗದ್ಯಾಣಗಳನ್ನು ಒಪ್ಪಿಸಿ, ಅದರ ಬಡ್ಡಿಯಿಂದಲೇ ಎಣ್ಣೆಯನ್ನು ಒದಗಿಸಬೇಕೆಂದು ವಿಧಿಸಿದ ದತ್ತಿಗಳು ನಮ್ಮ ಶಾಸನಗಳಲ್ಲಿ ಹಲವು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿ ಬಡವರ ಬಾಗಿಲಿಗೇ ಹೋಗಿ ಎರಡಾಣೆ ಸಂಗ್ರಹಿಸಿದಾಗ, ಉಳಿತಾಯವು ಸಿರಿವಂತರ ಸೊತ್ತಲ್ಲವೆಂಬುದು ಜನಕ್ಕೆ ಮನವರಿಕೆಯಾಯಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಹಳೆಯ ಮೈಸೂರಿನ ಮನೆಮಾತಾಗಿದ್ದ ಮೈಸೂರು ಬ್ಯಾಂಕು ಅದಕ್ಕೂ ಮೊದಲೇ, 2017ರಲ್ಲಿ, ಸ್ಟೇಟ್ ಬ್ಯಾಂಕನ್ನು ಸೇರಿತ್ತು.

ಉಳಿತಾಯ ಖಾತೆಯ ಬಡ್ಡಿದರವನ್ನು ಬಹುಕಾಲ ರಿಜರ್ವ್ ಬ್ಯಾಂಕೇ ಗೊತ್ತುಮಾಡುತ್ತಿತ್ತು. ಯಾವ ಬ್ಯಾಂಕಿನಲ್ಲಿಟ್ಟರೂ ಒಂದೇ ದರ. ಅಷ್ಟೇ ಅಲ್ಲ, ತಿಂಗಳ 10ನೆಯ ದಿನದಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ ಸಲ್ಲುತ್ತಿತ್ತು. 12ನೆಯ ತಾರೀಕು ಕೊಬ್ಬರಿ ಮಾರಿ ಹಣ ಕಟ್ಟಿದವನಿಗೆ ಆ ತಿಂಗಳ ಬಡ್ಡಿ ಇಲ್ಲ. 2010ರ ಏಪ್ರಿಲ್ 1ರಿಂದ ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಎಣಿಸುವ ಪದ್ಧತಿ ಜಾರಿಗೆ ಬಂದಿತು. 2011ರ ಅಕ್ಟೋಬರಿನಲ್ಲಿ ದರವನ್ನು ನಿರ್ಧರಿಸುವ ಸ್ವಾತಂತ್ರ್ಯವೂ ಬ್ಯಾಂಕುಗಳಿಗೆ ದೊರೆಯಿತು.

ಅಂದಿನಿಂದ ಬ್ಯಾಂಕು ಬ್ಯಾಂಕಿಗೆ ದರ ಬೇರೆಯಾಯಿತು. ಊರೂರಲ್ಲಿ ಶಾಖೆಗಳುಳ್ಳ ದೊಡ್ಡ ಬ್ಯಾಂಕುಗಳಿಗೆ ಠೇವಣಿ ತಾನಾಗಿಯೇ ಹರಿದು ಬರುತ್ತದೆ. ಅವು ಕಡಿಮೆ ಬಡ್ಡಿ ಕೊಟ್ಟರೂ ನಡೆಯುತ್ತದೆ. 2025ರ ಜೂನ್ ತಿಂಗಳಲ್ಲಿ ಸ್ಟೇಟ್ ಬ್ಯಾಂಕು ತನ್ನ ಉಳಿತಾಯ ಖಾತೆಯ ದರವನ್ನು ಶೇಕಡಾ 2.5ಕ್ಕೆ ಇಳಿಸಿತು. ಹೊಸದಾಗಿ ಹುಟ್ಟಿದ ಕಿರು ಹಣಕಾಸು ಬ್ಯಾಂಕುಗಳ ಸ್ಥಿತಿ ಬೇರೆ. ಬೆಂಗಳೂರಿನಲ್ಲೇ ನೆಲೆಗೊಂಡ ಉಜ್ಜೀವನ್, ಜನ ಮುಂತಾದವು ಈ ವರ್ಗದವು. ಠೇವಣಿದಾರರನ್ನು ಸೆಳೆಯಲು ಅವು ಹೆಚ್ಚಿನ ಬಡ್ಡಿಯನ್ನು ಕೊಡಬೇಕಾಗಿದೆ. 2020ರ ಜನವರಿಯಲ್ಲಿ ವಿಡಿಯೊ ಮೂಲಕ ಗ್ರಾಹಕರ ಗುರುತನ್ನು ಪರಿಶೀಲಿಸಲು ರಿಜರ್ವ್ ಬ್ಯಾಂಕು ಅನುಮತಿ ಇತ್ತ ಮೇಲೆ, ಅರಳಗುಪ್ಪೆಯ ಜಗಲಿಯಲ್ಲಿ ಕುಳಿತವನು ಬೆಂಗಳೂರಿನ ಬ್ಯಾಂಕಿನಲ್ಲಿ ಫೋನಿನಿಂದಲೇ ಖಾತೆ ತೆರೆಯುವುದು ಸಾಧ್ಯವಾಗಿದೆ.

ಲಾಭವೆಷ್ಟು? ಕೊಬ್ಬರಿ ಮಾರಿದ ಎರಡು ಲಕ್ಷ ರೂಪಾಯಿ ಆರು ತಿಂಗಳು ಖಾತೆಯಲ್ಲಿ ನಿಂತಿತೆಂದುಕೊಳ್ಳೋಣ. ಶೇಕಡಾ 2.5ರಂತೆ ಬರುವುದು 2,500 ರೂಪಾಯಿ. ಶೇಕಡಾ 6ರ ದರ ದೊರೆತರೆ 6,000 ರೂಪಾಯಿ. ವ್ಯತ್ಯಾಸ 3,500. ಸಣ್ಣ ಹಿಡುವಳಿದಾರನಿಗೆ ಇದು ನಿರ್ಲಕ್ಷಿಸುವ ಮೊತ್ತವೇನೂ ಅಲ್ಲ. ಆದರೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ದರವು ಅನೇಕ ವೇಳೆ ದೊಡ್ಡ ಶಿಲ್ಕು ಇಟ್ಟವರಿಗೆ ಮಾತ್ರ ಮೀಸಲು. ಮೊದಲ ಒಂದು ಲಕ್ಷಕ್ಕೆ ಒಂದು ದರ, ಅದರ ಮೇಲಿನ ಮೊತ್ತಕ್ಕೆ ಇನ್ನೊಂದು. ದರದ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದಿ, ತನ್ನ ಮೊತ್ತಕ್ಕೆ ಸಲ್ಲುವುದೆಷ್ಟೆಂದು ತಿಳಿದ ಮೇಲೆಯೇ ಹಣ ಕಳುಹಿಸುವುದು ವಿವೇಕ.

ವಿಮೆ ಯಾವುದಕ್ಕೆ, ಯಾವುದಕ್ಕಿಲ್ಲ

ಬಡ್ಡಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅಸಲು ಉಳಿಯುತ್ತದೆಯೇ ಎಂಬುದು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುರಿದುಬಿದ್ದಾಗ ಸಾವಿರಾರು ಸಂಸಾರಗಳು ಕಂಗಾಲಾದವು. ಆ ಆಘಾತದ ಫಲವಾಗಿ 1962ರ ಜನವರಿ 1ರಂದು ಠೇವಣಿ ವಿಮೆ ನಮ್ಮ ದೇಶದಲ್ಲಿ ಆರಂಭವಾಯಿತು. ಅಂದಿನ ಮಿತಿ ಒಬ್ಬ ಠೇವಣಿದಾರನಿಗೆ 1,500 ರೂಪಾಯಿ. 1993ರಿಂದ ಒಂದು ಲಕ್ಷ. 2020ರ ಫೆಬ್ರವರಿ 4ರಿಂದ ಐದು ಲಕ್ಷ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿರುವ ಎಲ್ಲ ಠೇವಣಿಗಳನ್ನೂ ಬಡ್ಡಿಯನ್ನೂ ಕೂಡಿಸಿ ಈ ಮಿತಿ. ಕಿರು ಹಣಕಾಸು ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಜರ್ವ್ ಬ್ಯಾಂಕು ನಿರ್ಬಂಧ ವಿಧಿಸಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದಾಗ, ನಿವೃತ್ತಿಯ ಹಣವನ್ನೆಲ್ಲ ಒಂದೆಡೆ ಇಟ್ಟಿದ್ದ ವೃದ್ಧರು ಬಾಗಿಲ ಮುಂದೆ ನೆರೆದ ದೃಶ್ಯವನ್ನು ರಾಜ್ಯವೆಲ್ಲ ಕಂಡಿತು. 2021ರ ತಿದ್ದುಪಡಿಯ ಪ್ರಕಾರ, ಇಂಥ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಮಿತಿಯ ಹಣ ಠೇವಣಿದಾರನಿಗೆ ಸೇರಬೇಕು.

ಹಳ್ಳಿಯವರು ಗಮನಿಸಬೇಕಾದ ಇನ್ನೊಂದು ಭೇದವಿದೆ. ಊರಿನ ಪತ್ತಿನ ಸಹಕಾರ ಸಂಘವೂ ಪಟ್ಟಣದ ಸೌಹಾರ್ದ ಸಹಕಾರಿಯೂ ಬ್ಯಾಂಕುಗಳಲ್ಲ. ಅಲ್ಲಿಟ್ಟ ಠೇವಣಿಗೆ ಈ ವಿಮೆಯ ಆಸರೆಯಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಂದಿನಿಂದ ರೈತನನ್ನು ಲೇವಾದೇವಿಯ ಹಿಡಿತದಿಂದ ಬಿಡಿಸಿದ ಕೀರ್ತಿ ಸಹಕಾರ ಸಂಘಗಳಿಗೆ ಸಲ್ಲುತ್ತದೆ. ಆ ಗೌರವಕ್ಕೆ ಕುಂದಿಲ್ಲ. ಆದರೂ ಹೆಚ್ಚು ಬಡ್ಡಿಯ ಆಸೆಗೆ ಬಾಳಿನ ಗಳಿಕೆಯನ್ನೆಲ್ಲ ವಿಮೆಯಿಲ್ಲದ ಕಡೆ ಸುರಿಯುವುದು ಅಪಾಯ. ಫೋನಿನಲ್ಲಿ ಕಾಣುವ ಆಪುಗಳ ವಿಷಯದಲ್ಲೂ ಹೀಗೆಯೇ. ಆಪಿನ ಹೆಸರು ಏನೇ ಇರಲಿ, ಹಣ ಕೊನೆಗೆ ಯಾವ ಬ್ಯಾಂಕಿನಲ್ಲಿ ಸೇರುತ್ತದೆ, ಆ ಬ್ಯಾಂಕು ಠೇವಣಿ ವಿಮಾ ನಿಗಮದ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಬೇಕು.

ಮಾತಿನ ಬೆಲೆ, ಅಂಕಿಯ ಬೆಲೆ

ಉಳಿತಾಯದ ಮಾತು ಇಲ್ಲಿಗಾಯಿತು. ಸಾಲದ ಮಾತು ಇದಕ್ಕಿಂತ ಸೂಕ್ಷ್ಮ.

ಹಿಂದೆ ಮಂಡಿಯ ಸಾಹುಕಾರನೇ ರೈತನ ಯೋಗ್ಯತೆಯನ್ನು ಅಳೆಯುತ್ತಿದ್ದನು. ಅವರಪ್ಪ ಮಾತಿಗೆ ತಪ್ಪಿದವನಲ್ಲ, ತೋಟದಲ್ಲಿ ಇಷ್ಟು ಮರಗಳಿವೆ, ಅಟ್ಟದಲ್ಲಿ ಇಷ್ಟು ಸಾವಿರ ಕಾಯಿ ಇದೆ. ಈ ಲೆಕ್ಕವೆಲ್ಲ ಅವನ ನಾಲಗೆಯ ತುದಿಯಲ್ಲಿರುತ್ತಿತ್ತು. ಅದರಲ್ಲಿ ದಾಕ್ಷಿಣ್ಯವೂ ಇತ್ತು, ಹಿಡಿತವೂ ಇತ್ತು. ಮುಂಗಡ ಪಡೆದವನು ಅವನ ಮಂಡಿಗೇ ಕೊಬ್ಬರಿ ಹಾಕಬೇಕಾಗಿತ್ತು. ಈಗ ಆ ಕೆಲಸವನ್ನು ನಾಲ್ಕು ಸಂಸ್ಥೆಗಳು ಮಾಡುತ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. 2005ರ ಶಾಸನದ ಅಡಿಯಲ್ಲಿ ಬ್ಯಾಂಕುಗಳು ತಮ್ಮ ಸಾಲಗಾರರ ವಿವರಗಳನ್ನು ಇವಕ್ಕೆ ಒಪ್ಪಿಸುತ್ತವೆ. ಅದರಿಂದ ಹುಟ್ಟುವುದೇ 300ರಿಂದ 900ರವರೆಗಿನ ಅಂಕ. ಜನ ಅದನ್ನು ‘ಸಿಬಿಲ್’ ಎಂದೇ ಕರೆಯುತ್ತಾರೆ. ಸಾಮಾನ್ಯವಾಗಿ 750ನ್ನು ದಾಟಿದವರನ್ನು ಬ್ಯಾಂಕುಗಳು ಆದರದಿಂದ ಕಾಣುತ್ತವೆ.

ಈ ಅಂಕಕ್ಕೆ ತೋಟದ ಮರಗಳ ಎಣಿಕೆ ತಿಳಿಯದು. ಅಟ್ಟದ ಕಾಯಿಯೂ ಕಾಣದು. ಖಾತೆಯಲ್ಲಿ ಎಷ್ಟು ಹಣವಿದ್ದರೂ ಅದಕ್ಕೆ ಲೆಕ್ಕವಿಲ್ಲ. ಪಡೆದ ಸಾಲವನ್ನು ಹೇಳಿದ ದಿನಕ್ಕೆ ಕಟ್ಟಿದನೇ, ಎಷ್ಟು ಸಾಲಗಳನ್ನು ಹೊತ್ತಿದ್ದಾನೆ, ಇತ್ತೀಚೆಗೆ ಎಷ್ಟು ಕಡೆ ಕೈಚಾಚಿದ್ದಾನೆ ಎಂಬುದಷ್ಟೇ ಅದರ ಚಿಂತೆ. ಕಂತು ಎಷ್ಟು ದಿನ ತಡವಾಯಿತೆಂಬುದು ಹಿಂದಿನ 36 ತಿಂಗಳವರೆಗೆ ವರದಿಯಲ್ಲಿ ಮೂಡಿರುತ್ತದೆ.

ತೆಂಗಿನ ಸೀಮೆಯ ರೈತ ಎಡವುವುದು ಇಲ್ಲಿಯೇ. ಬೆಲೆ ಏರಲೆಂದು ಕಾಯುವುದು ಅವನ ತಲೆಮಾರಿನ ಜಾಣ್ಮೆ. ಅಟ್ಟದಲ್ಲಿ ಕಾಯಿ ತುಂಬಿದೆ, ಮುಂದಿನ ತಿಂಗಳು ಬೆಲೆ ಬರಬಹುದು, ಆಗ ಮಾರಿ ಸಾಲ ಕಟ್ಟಿದರಾಯಿತು ಎಂದು ಸುಮ್ಮನಿರುತ್ತಾನೆ. ಮಂಡಿಯವನು ಕಾಯುತ್ತಿದ್ದನು, ವಾಯಿದೆಯ ದಿನ ಕಾಯುವುದಿಲ್ಲ. ಮೂರು ಲಕ್ಷದವರೆಗಿನ ಬೆಳೆಸಾಲದ ಶೇಕಡಾ 7ರ ಬಡ್ಡಿಯಲ್ಲಿ, ಸಕಾಲಕ್ಕೆ ಕಟ್ಟಿದವರಿಗೆ ದೊರೆಯುವ ಶೇಕಡಾ 3ರ ರಿಯಾಯಿತಿಯೂ ಆಗ ಕೈತಪ್ಪುತ್ತದೆ. ಕೊಬ್ಬರಿಯ ಬೆಲೆ ಏರಿ ಬಂದ ಲಾಭಕ್ಕಿಂತ, ವಾಯಿದೆ ಮೀರಿ ಆದ ನಷ್ಟವೇ ದೊಡ್ಡದಾಗಬಹುದು. ಉಳಿತಾಯ ಖಾತೆಯಲ್ಲಿ ಒಂದು ಕಂತಿನಷ್ಟು ಹಣವನ್ನು ಸದಾ ಬೇರೆಯಾಗಿ ಇಟ್ಟುಕೊಂಡವನಿಗೆ ಈ ಇಕ್ಕಟ್ಟಿಲ್ಲ. ಅವನು ಸಾಲವನ್ನೂ ತೀರಿಸಬಲ್ಲನು, ಬೆಲೆಗೂ ಕಾಯಬಲ್ಲನು.

ಎರಡನೆಯ ಎಡವು ಜಾಮೀನು. ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಿ. ಸ್ವಂತಕ್ಕೆ ಒಂದು ಕಾಸೂ ಬಾಕಿಯಿಲ್ಲ. ಭಾವಮೈದುನ ಟ್ರ್ಯಾಕ್ಟರು ಕೊಳ್ಳುವಾಗ, ಹೆಂಡತಿಯ ಮುಖ ನೋಡಿ, ಒಂದು ರುಜು ಹಾಕಿದ್ದಾನೆ. ಮನೆಗೆ ಬರುವಷ್ಟರಲ್ಲಿ ಅದನ್ನು ಮರೆತೂ ಇದ್ದಾನೆ. ಐದು ವರ್ಷಗಳ ಮೇಲೆ ಮಗಳ ಓದಿಗೆಂದು ಬ್ಯಾಂಕಿಗೆ ಹೋದರೆ, ‘ನಿಮ್ಮ ಸಿಬಿಲ್ ಸರಿಯಿಲ್ಲ, ಯಜಮಾನರೇ’ ಎಂಬ ಉತ್ತರ. ಭಾವಮೈದುನ ಕಟ್ಟದೆ ಬಿಟ್ಟ ಕಂತುಗಳು ಇವನ ವರದಿಯಲ್ಲಿ ಕುಳಿತಿವೆ. 1872ರ ಕರಾರು ಶಾಸನದ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಬಂಧುತ್ವಕ್ಕೆ ಹಾಕಿದ ರುಜು ಮಗಳ ಕಾಲೇಜಿನ ಬಾಗಿಲಿಗೆ ಅಡ್ಡವಾಗಬಹುದೆಂದು ಅವನಿಗೆ ಮೊದಲೇ ಹೇಳಿದವರಿಲ್ಲ.

ಅವನು ಮೊದಲೇ ತಿಳಿಯಬಹುದಾಗಿತ್ತು. 2017ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ನಾಲ್ಕು ಸಂಸ್ಥೆಗಳಿಂದ ನಾಲ್ಕು ವರದಿ. ತನ್ನ ಅಂಕವನ್ನು ತಾನೇ ನೋಡಿಕೊಂಡರೆ ಅಂಕ ತಗ್ಗುತ್ತದೆಂಬುದು ಬರಿಯ ಭ್ರಮೆ. ಸಾಲ ಕೇಳಿ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು ಬೇರೆ, ತಾನು ನೋಡುವುದು ಬೇರೆ. ವರದಿಯಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು: ತಾನು ಪಡೆಯದ ಸಾಲ, ತೀರಿಸಿದರೂ ಮುಚ್ಚದೆ ಉಳಿದ ಸಾಲ, ಮರೆತುಹೋದ ಜಾಮೀನು. ರಿಯಾಯಿತಿಯ ಮೊತ್ತ ಕಟ್ಟಿ ಒಪ್ಪಂದದಿಂದ ತೀರಿಸಿದ ಸಾಲವೂ ಪೂರ್ಣ ತೀರಿದ ಸಾಲವೆಂದು ಎಣಿಕೆಯಾಗದು; ಅದು ‘ಸೆಟಲ್ಡ್’ ಎಂದೇ ದಾಖಲಾಗಿ ಮುಂದಿನ ಸಾಲಕ್ಕೆ ತೊಡಕಾಗುತ್ತದೆ.

ತಪ್ಪು ಕಂಡರೆ ಬ್ಯಾಂಕಿಗೂ ಸಂಸ್ಥೆಗೂ ಬರೆಯಬಹುದು. 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವು 2024ರ ಏಪ್ರಿಲ್ ತಿಂಗಳಿನಿಂದ ಜಾರಿಯಲ್ಲಿದೆ. ಹಣ ಪಡೆದು ಅಂಕ ಏರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬಾರದು. ನಿಜವಾದ ಬಾಕಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ. ಎಂದೂ ಸಾಲ ಮಾಡದವನಿಗೆ ಅಂಕವೇ ಇರದು. ಆದರೆ ಅಷ್ಟೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಜರ್ವ್ ಬ್ಯಾಂಕು ತಿಳಿಸಿದೆಯೆಂದು 2025ರಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಸ್ಪಷ್ಟಪಡಿಸಿತು.

ಅಟ್ಟದ ಕಾಯಿಗಳೆಲ್ಲ ಹೊರಗಿನಿಂದ ನೋಡಲು ಒಂದೇ ಬಗೆ. ಕೆಲವು ಗಿಟುಕಾಗಿರುತ್ತವೆ, ಕೆಲವು ಒಳಗೇ ಕೊಳೆತಿರುತ್ತವೆ. ಅರಳಗುಪ್ಪೆಯ ಯಾವ ಮನೆಯ ಅಜ್ಜಿಯೂ ಅಲುಗಿಸಿ ನೋಡದೆ ಕಾಯನ್ನು ಚೀಲಕ್ಕೆ ಹಾಕಗೊಡಿಸುವುದಿಲ್ಲ. ಹೆಚ್ಚಿನ ಬಡ್ಡಿಯ ಖಾತೆಯನ್ನೂ ತನ್ನ ಹೆಸರಿನ ಸಾಲದ ವರದಿಯನ್ನೂ ವರ್ಷಕ್ಕೊಮ್ಮೆ ಹಾಗೆಯೇ ಕಿವಿಗೆ ಹಿಡಿದು ಅಲುಗಿಸಿ ನೋಡಿದರೆ, ಬೆಲೆ ಬಿದ್ದ ವರ್ಷವೂ ಮನೆಯ ಯಜಮಾನನು ಬ್ಯಾಂಕಿನ ಮೆಟ್ಟಿಲನ್ನು ಅಳುಕಿಲ್ಲದೆ ಹತ್ತಬಹುದು.